ಕ್ರೆಡಿಟ್ ಕಾರ್ಡ್ ಬಾಕಿಗೆ ಕೋರ್ಟಿನಿಂದ ಸಮನ್ಸ್ ಬಂದರೆ

ಗುಬ್ಬಿಯಲ್ಲಾಗಲಿ ಕುಣಿಗಲ್‌ನಲ್ಲಾಗಲಿ, ಕೋರ್ಟ್ ಅಮೀನರು ಮನೆ ಹುಡುಕಿಕೊಂಡು ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಆ ಮುಜುಗರಕ್ಕೆ ಹೆದರಿ ‘ಅವರು ಊರಲ್ಲಿಲ್ಲ’ ಎಂದು ಒಳಗಿಂದಲೇ ಹೇಳಿಸಿ ಕಳಿಸುವವರಿದ್ದಾರೆ. ಕ್ರೆಡಿಟ್ ಕಾರ್ಡ್ ಮೊಕದ್ದಮೆಯಲ್ಲಿ ಸೋಲು ಶುರುವಾಗುವುದು ಅಲ್ಲೇ. ಸಮನ್ಸ್ ಬೇಡವೆಂದವರ ಬಾಗಿಲಿಗೆ ಅದನ್ನು ಅಂಟಿಸಿ ಹೋಗಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ದಾರಿಯಿದೆ. ನೀವು ಸಿಗದಿದ್ದರೆ ಜೊತೆಯಲ್ಲಿರುವ, ವಯಸ್ಸಿಗೆ ಬಂದ ಮನೆಯವರ ಕೈಗೂ ಕೊಡಬಹುದು. ಸಮನ್ಸ್ ಜಾರಿಯಾಗಿದೆ ಎಂದು ನ್ಯಾಯಾಲಯ ಒಪ್ಪಿದ ಮೇಲೆ ನಿಮ್ಮ ಗೈರುಹಾಜರಿಯಲ್ಲೇ ವಿಚಾರಣೆ ನಡೆದು ಏಕಪಕ್ಷೀಯ ಡಿಕ್ರಿ ಆಗಬಹುದು. ಬ್ಯಾಂಕು ಬರೆದು ತಂದ ಲೆಕ್ಕವನ್ನು ಪ್ರಶ್ನಿಸುವವರೇ ಅಲ್ಲಿರುವುದಿಲ್ಲ.

ಸಹಿ ಮಾಡಿ ತೆಗೆದುಕೊಳ್ಳಿ. ಸಹಿ ಮಾಡಿದರೆ ಕಾಗದ ಕೈಸೇರಿತು ಎಂದಷ್ಟೇ ಅರ್ಥ, ಸಾಲ ಒಪ್ಪಿಕೊಂಡಂತಲ್ಲ. ತೆಗೆದುಕೊಂಡ ತಾರೀಖನ್ನು ಲಕೋಟೆಯ ಮೇಲೆ ಬರೆದಿಡಿ. ಉತ್ತರ ಕೊಡುವ ಗಡುವು ಎಣಿಸುವುದು ಆ ದಿನದಿಂದ.

ಆಮೇಲೆ ಬಂದದ್ದು ಏನು ಎಂದು ನೋಡಿ. ವಸೂಲಿ ಏಜೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ, ಕೆಂಪಕ್ಷರದ ‘ಅಂತಿಮ ಎಚ್ಚರಿಕೆ’ ಸಮನ್ಸ್ ಅಲ್ಲ. ವಕೀಲರ ನೋಟಿಸ್ ಕೂಡ ಅಲ್ಲ. ಲೋಕ್ ಅದಾಲತ್‌ನಿಂದ ಬರುವ ಕಾಗದ ರಾಜಿಗೆ ಕರೆ, ಬಂಧನದ ವಾರಂಟ್ ಅಲ್ಲ. ನಿಜವಾದ ಸಮನ್ಸ್‌ನಲ್ಲಿ ನ್ಯಾಯಾಲಯದ ಹೆಸರು, ದಾವೆ ಸಂಖ್ಯೆ, ಮೊಹರು, ಹಾಜರಾಗಬೇಕಾದ ದಿನ ಇರುತ್ತವೆ, ಜೊತೆಗೆ ವಾದಪತ್ರದ ಪ್ರತಿ ಇರಬೇಕು. ಅನುಮಾನವಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ನಿಮ್ಮ ಹೆಸರು ಅಥವಾ ದಾವೆ ಸಂಖ್ಯೆ ಹಾಕಿ ನೋಡಿ. ಇ-ಮೇಲ್‌ನಲ್ಲಿ ಬಂದಿತೆಂಬ ಕಾರಣಕ್ಕೆ ಸುಳ್ಳೆಂದು ತಳ್ಳಿಹಾಕಬೇಡಿ, ಆ ದಾರಿಯಲ್ಲೂ ಸಮನ್ಸ್ ಕಳಿಸಲು ಅವಕಾಶವಿದೆ. ಮಧ್ಯಸ್ಥಿಕೆದಾರರಿಂದ ನೋಟಿಸ್ ಬಂದಿದ್ದರೆ ಅದರ ಹಾದಿಯೇ ಬೇರೆ. ಬ್ಯಾಂಕು ತಾನೊಂದೇ ಆರಿಸಿದ ಮಧ್ಯಸ್ಥಿಕೆದಾರರಾದರೆ ಸುಪ್ರೀಂ ಕೋರ್ಟಿನ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪನ್ನು ಮುಂದಿಟ್ಟು ಬರಹದಲ್ಲಿ ಆಕ್ಷೇಪಿಸಿ. ಚೆಕ್ ವಾಪಸಾದ ಪ್ರಕರಣವಿದ್ದರೆ ಅದು ಕ್ರಿಮಿನಲ್, ಅದಕ್ಕೆ ತಡಮಾಡದೆ ವಕೀಲರು ಬೇಕು. ಬರೀ ಕಾರ್ಡ್ ಬಾಕಿ ಕಟ್ಟಲಾಗಲಿಲ್ಲ ಎಂಬುದು ಅಪರಾಧವಲ್ಲ.

ಸಾಲ ವಸೂಲಾತಿ ನ್ಯಾಯಮಂಡಳಿಗೆ 20 ಲಕ್ಷ ರೂಪಾಯಿಗಿಂತ ಕಡಿಮೆ ಬಾಕಿಯನ್ನು ಒಯ್ಯುವಂತಿಲ್ಲ. ಹಾಗಾಗಿ ಕಾರ್ಡ್ ಬಾಕಿಗೆ ಬ್ಯಾಂಕು ಬರುವುದು ಸಿವಿಲ್ ನ್ಯಾಯಾಲಯಕ್ಕೇ. ಗುಬ್ಬಿ, ಕುಣಿಗಲ್ ತಾಲ್ಲೂಕು ಕೇಂದ್ರಗಳಲ್ಲೂ ತುಮಕೂರಿನಲ್ಲೂ ಅಂಥ ನ್ಯಾಯಾಲಯಗಳಿವೆ. ಆದರೆ ನಮ್ಮ ಜಿಲ್ಲೆಯ ಎಷ್ಟೋ ಜನ ದಿನಾ ರೈಲು, ಬಸ್ಸು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಕಾರ್ಡಿನ ಅರ್ಜಿಗೆ ಸಹಿ ಹಾಕಿದ್ದು ಅಲ್ಲಿಯ ಯಾವುದೋ ಮಾಲ್‌ನಲ್ಲಿ. ಪ್ರತಿವಾದಿ ವಾಸಿಸುವ ಜಾಗದಲ್ಲಿ ದಾವೆ ಹೂಡಬಹುದು, ವ್ಯಾಜ್ಯ ಕಾರಣ ಪೂರ್ತಿಯಾಗಲಿ ಭಾಗಶಃ ಆಗಲಿ ಹುಟ್ಟಿದ ಜಾಗದಲ್ಲೂ ಹೂಡಬಹುದು. ಆದ್ದರಿಂದ ಬೆಂಗಳೂರಿನಿಂದ ಸಮನ್ಸ್ ಬಂದರೆ ಅಚ್ಚರಿಯಿಲ್ಲ. ಸಂಬಂಧವೇ ಇಲ್ಲದ ದೂರದ ಊರಿನಲ್ಲಿ ಹಾಕಿದ್ದರೆ ಆಕ್ಷೇಪವನ್ನು ಮೊದಲ ಅವಕಾಶದಲ್ಲೇ ಎತ್ತಬೇಕು. ಸುಮ್ಮನಿದ್ದು ಸೋತ ಮೇಲೆ ಮೇಲ್ಮನವಿಯಲ್ಲಿ ಆ ಮಾತು ನಡೆಯುವುದು ಕಷ್ಟ.

ಸಾಮಾನ್ಯ ದಾವೆಯಾದರೆ ಸಮನ್ಸ್ ಕೈಸೇರಿದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ಕೊಟ್ಟು ಕೇಳಿದರೆ ನ್ಯಾಯಾಲಯ 90 ದಿನದವರೆಗೆ ಕಾಲ ಕೊಡಬಹುದು. ಆದರೆ ವಾದಪತ್ರದಲ್ಲಿ ‘ಆದೇಶ 37’ ಎಂದಿದ್ದರೆ ಅದು ಸಂಕ್ಷಿಪ್ತ ದಾವೆ: 10 ದಿನದೊಳಗೆ ಹಾಜರಿ ಹಾಕಬೇಕು, ಆಮೇಲೆ ವಾದಿಯಿಂದ ತೀರ್ಪಿಗಾಗಿ ಮತ್ತೊಂದು ಸಮನ್ಸ್ ಬಂದ 10 ದಿನದೊಳಗೆ, ವಾದ ಮಾಡಲು ಅನುಮತಿ ಕೊಡಿ ಎಂದು ಪ್ರಮಾಣಪತ್ರದೊಂದಿಗೆ ಕೇಳಬೇಕು. ಒಂದು ತಿಂಗಳಿದೆಯಲ್ಲ ಎಂದು ನಿಶ್ಚಿಂತೆಯಿಂದಿರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ವಕೀಲರಿಗೆ ವಕಾಲತ್ತು ಕೊಡದೆ ನೀವೇ ನಿಂತು ಕನ್ನಡದಲ್ಲಿ ಹೇಳಿಕೆ ಬರೆದು ಕೊಡಬಹುದು.

ಹೇಳಿಕೆಯಲ್ಲಿ ಏನು ಬರೆಯಬೇಕು? ಇಲ್ಲಿ ಎರಡು ವಿಷಯವನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಸಾಲ ಒಪ್ಪುವುದು ಒಂದು, ಲೆಕ್ಕ ಒಪ್ಪುವುದು ಇನ್ನೊಂದು. ಕಾರ್ಡ್ ನನ್ನದು, ಬಳಸಿದ್ದೂ ನಿಜ ಎನ್ನುವವರಿಗೂ ಕೇಳಿದ ಮೊತ್ತ ಸರಿಯಲ್ಲ ಎನ್ನುವ ಹಕ್ಕಿದೆ. ‘ಎಲ್ಲವೂ ಸುಳ್ಳು’ ಎಂದು ಒಂದೇ ಸಾಲಿನಲ್ಲಿ ಬರೆದರೆ ಪ್ರಯೋಜನವಿಲ್ಲ. ವಾದಪತ್ರದ ಪ್ರತಿ ಕಂಡಿಕೆಗೂ ಉತ್ತರ ಬೇಕು; ಸ್ಪಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿದಂತೆ ಎಂದು ನ್ಯಾಯಾಲಯ ತಿಳಿಯಬಹುದು.

ಲೆಕ್ಕ ಎಲ್ಲಿ ಬೆಳೆಯುತ್ತದೆ ನೋಡಿ. 50,000 ರೂಪಾಯಿ ಬಾಕಿ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಎಂದಿಟ್ಟುಕೊಳ್ಳಿ. ಬಡ್ಡಿ 1,750, ಅದರ ಮೇಲೆ ಶೇ 18 ಜಿಎಸ್‌ಟಿ 315, ಸೇರಿ 2,065. ಕನಿಷ್ಠ ಮೊತ್ತವೆಂದು ಶೇ 5ರಂತೆ 2,500 ಕಟ್ಟಿದರೆ ಅಸಲಿಗೆ ಹೋಗುವುದು 435 ರೂಪಾಯಿ. ವಸಂತನರಸಾಪುರದ ಕಾರ್ಖಾನೆಯಲ್ಲಿ ದುಡಿಯುವ ಹುಡುಗನೊಬ್ಬ ವರ್ಷವಿಡೀ ತಪ್ಪದೆ ಕಟ್ಟಿದರೂ ಬಾಕಿ ಅಷ್ಟಾಗಿ ಇಳಿಯಲಿಲ್ಲವೆಂದರೆ ಅವನ ಲೆಕ್ಕ ತಪ್ಪಿದ್ದಲ್ಲ, ಕಾರ್ಡಿನ ಲೆಕ್ಕವೇ ಹಾಗೆ.

ಆದರೂ ‘ಬಡ್ಡಿ ವಿಪರೀತ’ ಎಂಬ ಒಂದೇ ವಾದವನ್ನು ನಂಬಿಕೊಂಡು ಹೋಗಬೇಡಿ. ಕಾರ್ಡ್ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದುಮಾಡಿತು. ಬಡ್ಡಿ ಹೆಚ್ಚೆಂಬ ಕಾರಣಕ್ಕಷ್ಟೇ ಬ್ಯಾಂಕಿನ ವ್ಯವಹಾರವನ್ನು ನ್ಯಾಯಾಲಯ ಮತ್ತೆ ತೆರೆಯುವಂತಿಲ್ಲ ಎಂದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಮೂ ಹೇಳುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ದರಕ್ಕೆ ನಾನು ಒಪ್ಪಿದ ಕಾಗದ ಎಲ್ಲಿ? ಮೊದಲ ತಿಂಗಳಿಂದ ಕೊನೆಯವರೆಗಿನ ಸ್ಟೇಟ್‌ಮೆಂಟ್ ಎಲ್ಲಿ? ನಾನು ಕಟ್ಟಿದ ಹಣ ಜಮಾ ಆಗಿದೆಯೇ? ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ ಕಟ್ಟದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೆ ಬಡ್ಡಿ ಹಾಕುವಂತಿಲ್ಲ, ತಡಪಾವತಿ ಶುಲ್ಕವನ್ನು ಗಡುವು ದಾಟಿ ಉಳಿದ ಬಾಕಿಯ ಮೇಲೆ ಮಾತ್ರ ಹಾಕಬೇಕು. ಸ್ಟೇಟ್‌ಮೆಂಟ್‌ನ ಪ್ರತಿ ಸಾಲನ್ನೂ ಈ ಕಣ್ಣಿನಿಂದ ಓದಿದವರಿಗೆ ಒಂದೆರಡಾದರೂ ಪ್ರಶ್ನೆ ಸಿಗಬಹುದು. ಕಂಪ್ಯೂಟರ್‌ನಿಂದ ತೆಗೆದ ಲೆಕ್ಕದ ಪ್ರತಿಗೆ ಕಾನೂನು ಹೇಳುವ ಪ್ರಮಾಣೀಕರಣ ಇರಬೇಕು. ಲೆಕ್ಕಪುಸ್ತಕದ ನಮೂದೊಂದೇ ಯಾರ ಮೇಲೂ ಹೊಣೆ ಹೊರಿಸಲು ಸಾಲದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿದೆ. ದಾವೆ ಹಾಕಿದ್ದು ಬ್ಯಾಂಕಲ್ಲ, ಹೆಸರೇ ಕೇಳದ ಇನ್ಯಾವುದೋ ಕಂಪನಿಯಾದರೆ, ಸಾಲವನ್ನು ತಾನು ಕೊಂಡ ಬಗ್ಗೆ ಅದು ಪತ್ರ ತೋರಿಸಬೇಕು.

ಇನ್ನೊಂದು ಮಾತನ್ನು ಲಿಖಿತ ಹೇಳಿಕೆಯ ಕೊನೆಯಲ್ಲಿ ಮರೆಯದೆ ಸೇರಿಸಿ. ದಾವೆ ಹೂಡಿದ ದಿನದಿಂದ ಮುಂದಕ್ಕೆ ಎಷ್ಟು ಬಡ್ಡಿ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೇ ಕಲಮಿನಡಿ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ವೈಯಕ್ತಿಕ ಬಳಕೆಯ ಸಾಲವಿದು, ವ್ಯಾಪಾರದ್ದಲ್ಲ ಎಂದು ತೋರಿಸಿದರೆ ಡಿಕ್ರಿಯ ನಂತರದ ಬಡ್ಡಿ ಶೇ 6 ಮೀರಬಾರದು ಎಂದು ವಾದಿಸಬಹುದು. ತಿಂಗಳಿಗೆ ಮೂರೂವರೆಯೆಂದರೆ ವರ್ಷಕ್ಕೆ ಶೇ 42; 42ಕ್ಕೂ 6ಕ್ಕೂ ಇರುವ ಅಂತರ ಸಣ್ಣದಲ್ಲ.

ಹಳೆಯ ಬಾಕಿಯಾದರೆ ಕಾಲಮಿತಿ ನೋಡಿ. ಇಂಥ ಹಣದ ದಾವೆಗೆ ಮೂರು ವರ್ಷ. ಎಂದಿನಿಂದ ಎಣಿಸಬೇಕೆಂಬುದೇ ಹಲವು ಬಾರಿ ವಾದದ ವಿಷಯ. ಕೊರೊನಾ ಕಾಲದ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟ್ ಎಣಿಕೆಯಿಂದ ಹೊರಗಿಟ್ಟಿದೆ ಎಂಬುದೂ ನೆನಪಿರಲಿ. ಮೋಸ ಹೋಗುವುದು ಇಲ್ಲೇ: ಅವಧಿ ಮುಗಿಯುವ ಮುಂಚೆ ಬಾಕಿ ಒಪ್ಪಿ ಸಹಿ ಹಾಕಿದ ಪತ್ರ ಹೊಸದಾಗಿ ಮೂರು ವರ್ಷ ತಂದುಕೊಡುತ್ತದೆ. ಅವಧಿ ಮುಗಿದ ಸಾಲವನ್ನೂ ತೀರಿಸುತ್ತೇನೆ ಎಂದು ಬರೆದು ಸಹಿ ಮಾಡಿದರೆ ಕರಾರು ಕಾಯ್ದೆಯ 25ನೇ ಕಲಮಿನಡಿ ಅದಕ್ಕೆ ಬಲ ಬರುತ್ತದೆ. ‘ಸುಮ್ಮನೆ ಒಂದು ಸಹಿ ಸಾರ್, ಬಡ್ಡಿ ಮನ್ನಾ ಮಾಡಿಸ್ತೀನಿ’ ಎಂದು ಏಜೆಂಟ್ ಹೇಳಿದಾಗ ಪೆನ್ನು ಕೆಳಗಿಡಿ. ಅಂದಹಾಗೆ, ಕಿರುಸಾಲದ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನಿನಿಂದ ಬ್ಯಾಂಕ್ ಕಾರ್ಡಿನ ಬಾಕಿ ಮನ್ನಾ ಆಗುವುದಿಲ್ಲ, ಯಾರು ಏನೇ ಹೇಳಲಿ.

ರಾಜಿಯಾಗುವುದು ಸೋಲೇನಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಬಾಕಿ ನಿಜವಿದ್ದವರಿಗೆ ಅದೇ ಒಳ್ಳೆಯ ದಾರಿ. ಲಿಖಿತ ಹೇಳಿಕೆ ಹಾಕಿದ ಮೇಲೆ ಮಾತಿಗೆ ಕೂತರೆ ನಿಮ್ಮ ಮಾತಿಗೂ ತೂಕವಿರುತ್ತದೆ. ಲೋಕ್ ಅದಾಲತ್‌ನಲ್ಲಿ ಮುಗಿದರೆ ಬ್ಯಾಂಕಿಗೂ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸ್ ಬರುತ್ತದೆ, ಆದ್ದರಿಂದ ಅವರಿಗೂ ಆಸಕ್ತಿಯಿದೆ. ಅಲ್ಲಿ ಒಪ್ಪಲೇಬೇಕೆಂಬ ಬಲವಂತವಿಲ್ಲ; ಆದರೆ ಒಪ್ಪಿ ಸಹಿ ಮಾಡಿದ್ದು ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ. ಕಟ್ಟಲಾಗದ ಕಂತಿಗೆ ಹೂಂ ಅನ್ನಬೇಡಿ. ಹಣವನ್ನು ಕಾರ್ಡ್ ಖಾತೆಗೇ ಕಟ್ಟಿ, ಬಾಕಿಯಿಲ್ಲ ಎಂಬ ಪತ್ರ ಪಡೆಯಿರಿ. ರಿಯಾಯಿತಿ ಪಡೆದು ಮುಗಿಸಿದ ಸಾಲ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಕಾಣಿಸಬಹುದು, ಮುಂದೆ ಮನೆಸಾಲ ಕೇಳುವವರು ಅದನ್ನೂ ಯೋಚಿಸಬೇಕು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಗುಬ್ಬಿ ಮತ್ತು ಕುಣಿಗಲ್‌ನ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ನಿಗದಿತ ಆದಾಯಮಿತಿಯೊಳಗಿನವರು ಉಚಿತ ವಕೀಲರನ್ನು ಕೇಳಬಹುದು. ಹೆಂಗಸರಿಗೆ ಆದಾಯದ ಪ್ರಶ್ನೆಯೇ ಇಲ್ಲ. ಸಹಾಯವಾಣಿ 15100.

ಡಿಕ್ರಿ ಆಗುವುದು ಖಚಿತವೆನಿಸಿದರೆ ಕಂತಿನ ಮನವಿಯನ್ನು ತೀರ್ಪಿನ ಮುಂಚೆ ಮಾಡಿಕೊಳ್ಳಿ. ಆಗ ನ್ಯಾಯಾಲಯವೇ ಕಂತು ಕೊಡಬಹುದು. ಡಿಕ್ರಿಯ ನಂತರವಾದರೆ ಬ್ಯಾಂಕಿನ ಒಪ್ಪಿಗೆ ಬೇಕು. ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೆ 30 ದಿನದೊಳಗೆ ಅದನ್ನು ರದ್ದುಮಾಡಲು ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ.

ಜನ ಹೆದರುವುದು ಡಿಕ್ರಿಯಂತೆ ಹಣ ವಸೂಲಿ ಮಾಡುವ ಅಮಲ್ಜಾರಿಗೆ. 28,000 ಸಂಬಳದವರ ಲೆಕ್ಕ ಹೀಗೆ: ಮೊದಲ 1,000 ಮುಟ್ಟುವಂತಿಲ್ಲ, ಉಳಿದ 27,000ದ ಮೂರನೇ ಎರಡು ಭಾಗವೂ ನಿಮ್ಮದೇ. ಜಫ್ತಿಗೆ ಸಿಗುವುದು 9,000. ಭವಿಷ್ಯ ನಿಧಿ, ಸರ್ಕಾರಿ ಪಿಂಚಣಿ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ, ಅವನು ವಾಸಿಸುವ ಮನೆ, ಇವಕ್ಕೆ ರಕ್ಷಣೆಯಿದೆ. ಅಡಿಕೆ ತೋಟಕ್ಕೂ ಅದೇ ರಕ್ಷಣೆಯಿದೆ ಎಂದುಕೊಳ್ಳಬೇಡಿ. ಸಿವಿಲ್ ಜೈಲು ಇದೆ, ಆದರೆ ಕಟ್ಟಲು ಶಕ್ತಿಯಿದ್ದೂ ಬೇಕೆಂದೇ ಕಟ್ಟದವರಿಗೆ. ಬರೀ ಬಡತನಕ್ಕೆ ಜೈಲಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ.

ಡಿಕ್ರಿಗೆ 12 ವರ್ಷ ಆಯಸ್ಸು. ಅಷ್ಟರಲ್ಲಿ ನ್ಯಾಯಾಲಯದ ಹೊರಗೆ ಬ್ಯಾಂಕಿಗೆ ಹಣ ಕಟ್ಟಿದರೆ ರಸೀದಿ ಮನೆಯಲ್ಲಿಟ್ಟುಕೊಂಡರೆ ಸಾಲದು, ಆ ಪಾವತಿಯನ್ನು ನ್ಯಾಯಾಲಯದಲ್ಲಿ ದಾಖಲಿಸಬೇಕು. ಬ್ಯಾಂಕು ತಿಳಿಸದಿದ್ದರೆ ನೀವೇ 30 ದಿನದೊಳಗೆ ಅರ್ಜಿ ಹಾಕಿ. ದಾಖಲಾಗದ ಪಾವತಿಯನ್ನು ಅಮಲ್ಜಾರಿ ನ್ಯಾಯಾಲಯ ಪರಿಗಣಿಸುವುದಿಲ್ಲ. ಕಟ್ಟಿದ ಹಣಕ್ಕೇ ಮತ್ತೊಮ್ಮೆ ಜಫ್ತಿ ಬರಬಹುದು.