ತವಕ್ಕುಲ್ ಮತ್ತು ಬುತ್ತಿಯ ಗಂಟು

"ಎಲ್ಲವೂ ಅಲ್ಲಾಹನ ಕೈಯಲ್ಲಿದೆ. ಬರಬೇಕಾದದ್ದು ಬಂದೇ ಬರುತ್ತದೆ. ನಾವು ಚೀಲ ತುಂಬಿಸಿಟ್ಟರೆ ವಿಧಿ ತಪ್ಪುತ್ತದೆಯೇ?" ಮಳೆಗಾಲದ ಮುನ್ನೆಚ್ಚರಿಕೆಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಎಲ್ಲವೂ ಅಲ್ಲಾಹನ ಕೈಯಲ್ಲಿದೆ ಎಂಬುದು ಈಮಾನ್‌ನ ಮಾತು. ಅದರಲ್ಲಿ ವಿಶ್ವಾಸಿಗೆ ಸಂಶಯವಿರದು. ಆದರೆ ಆ ಮಾತಿನಿಂದ ಸುಮ್ಮನೆ ಕುಳಿತುಕೊಳ್ಳಬೇಕೆಂಬ ತೀರ್ಮಾನಕ್ಕೆ ಬರುವುದು ಸರಿಯೇ? ನಮ್ಮ ಪ್ರವಾದಿ(ಸ) ಮತ್ತು ಅವರ ಸಂಗಾತಿಗಳು ತವಕ್ಕುಲನ್ನು ಹಾಗೆ ಅರ್ಥ ಮಾಡಿಕೊಂಡಿದ್ದರೇ? ಪ್ರಿಯ ಓದುಗರೇ, ಇದನ್ನು ತುಸು ಪರಿಶೀಲಿಸೋಣ.

ಯಮನ್‌ನ ಯಾತ್ರಿಕರು

ಯಮನ್‌ನ ಕೆಲವರು ಹಜ್ಜ್‌ಗೆ ಬರುವಾಗ ದಾರಿಯ ಬುತ್ತಿ ತರುತ್ತಿರಲಿಲ್ಲ. ತಾವು ಅಲ್ಲಾಹನ ಮೇಲೆ ಭರವಸೆ ಇಟ್ಟವರೆಂದು ಹೇಳಿಕೊಳ್ಳುತ್ತಿದ್ದರು. ಮಕ್ಕಾ ತಲುಪಿದ ಬಳಿಕ ಜನರ ಮುಂದೆ ಕೈಚಾಚುತ್ತಿದ್ದರು. ಇವರ ವಿಷಯದಲ್ಲೇ ಅಲ್ ಬಕರಃ ಅಧ್ಯಾಯದ 197ನೆಯ ಸೂಕ್ತ ಅವತೀರ್ಣವಾಯಿತೆಂದು ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ಅದರಲ್ಲಿ ಅಲ್ಲಾಹನು ಬುತ್ತಿಯನ್ನು ಜೊತೆಗೊಯ್ಯಲು ಆಜ್ಞಾಪಿಸಿದನು. ಬುತ್ತಿಗಳಲ್ಲಿ ಅತ್ಯುತ್ತಮವಾದುದು ತಕ್ವಾ ಎಂದೂ ತಿಳಿಸಿದನು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಕ್ವಾ ಇದ್ದರೆ ಹೊಟ್ಟೆಯ ಬುತ್ತಿ ಬೇಡ ಎಂದು ಅಲ್ಲಾಹನು ಹೇಳಲಿಲ್ಲ. ಎರಡನ್ನೂ ಒಂದೇ ಸೂಕ್ತದಲ್ಲಿ ಹೇಳಿದನು. ಬುತ್ತಿ ಇಲ್ಲದೆ ಹೊರಟವನ ಭಾರ ಕೊನೆಗೆ ಬೀಳುವುದು ಇನ್ನೊಬ್ಬನ ಹೆಗಲ ಮೇಲೆ.

ಒಂಟೆಯನ್ನು ಕಟ್ಟಿ ಭರವಸೆ ಇಡಲೇ, ಬಿಟ್ಟು ಭರವಸೆ ಇಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿ(ಸ) ಕಟ್ಟಿ ಭರವಸೆ ಇಡಲು ಹೇಳಿದ ವಿಷಯ ತಿರ್ಮಿದಿಯ ಹದೀಸ್‌ನಲ್ಲಿದೆ. ಈ ಹದೀಸ್ ನಮಗೆಲ್ಲ ಗೊತ್ತು. ಒಂಟೆಯ ಕಾಲದಲ್ಲಿ ನಾವಿಲ್ಲ. ನಮ್ಮ ಕಾಲದಲ್ಲಿ ಕಟ್ಟಬೇಕಾದದ್ದು ಏನು ಎಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ?

ಹಿಜ್ರತ್‌ನ ಸಿದ್ಧತೆ

ಮುನ್ನೆಚ್ಚರಿಕೆಯ ಪೂರ್ಣ ಪಾಠ ಬೇಕಿದ್ದರೆ ಕ್ರಿ.ಶ. 622ರ ಹಿಜ್ರತನ್ನು ನೋಡಿರಿ. ಅಬೂಬಕರ್(ರ) ಎರಡು ಒಂಟೆಗಳನ್ನು ನಾಲ್ಕು ತಿಂಗಳ ಕಾಲ ಮನೆಯಲ್ಲೇ ಮೇವು ಹಾಕಿ ಸಾಕಿಟ್ಟಿದ್ದರು. ದಾರಿ ಬಲ್ಲ ಒಬ್ಬನನ್ನು ಕೂಲಿಗೆ ಗೊತ್ತುಪಡಿಸಲಾಯಿತು. ಅವನು ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ, ಆದರೆ ನಂಬಿಕಸ್ಥನಾಗಿದ್ದ. ಮೂರು ರಾತ್ರಿಗಳ ಬಳಿಕ ಒಂಟೆಗಳೊಂದಿಗೆ ಸೌರ್ ಗುಹೆಯ ಬಳಿ ಬರುವಂತೆ ಅವನಿಗೆ ತಿಳಿಸಲಾಗಿತ್ತು. ಊರಿನ ಸುದ್ದಿ ತರುವ ಹೊಣೆ ಅಬೂಬಕರ್(ರ)ರ ಮಗ ಅಬ್ದುಲ್ಲಾರದ್ದು. ಹಾಲಿಗಾಗಿ ಆಡುಗಳನ್ನು ಆ ಕಡೆಗೆ ಮೇಯಿಸುತ್ತಾ ತರುವ ಹೊಣೆ ಆಮಿರ್ ಬಿನ್ ಫುಹೈರಾ(ರ)ರದ್ದು. ಬುತ್ತಿಯ ಚೀಲವನ್ನು ಸಿದ್ಧಪಡಿಸಿದ ಅಸ್ಮಾ(ರ)ರಿಗೆ ಅದರ ಬಾಯಿ ಕಟ್ಟಲು ಹಗ್ಗ ಸಿಗಲಿಲ್ಲ. ತಮ್ಮ ಸೊಂಟಪಟ್ಟಿಯನ್ನೇ ಹರಿದು ಕಟ್ಟಿದರು. ಅದಕ್ಕಾಗಿ 'ದಾತುನ್ನಿತಾಕೈನ್', ಎರಡು ಸೊಂಟಪಟ್ಟಿಯವರು ಎಂಬ ಬಿರುದು ಅವರಿಗೆ ದಕ್ಕಿತು. ಆತುರದ ಘಳಿಗೆಯಲ್ಲಿ ಒಂದು ಚೀಲವನ್ನು ಕಟ್ಟಿದ ಮಹಿಳೆಯನ್ನು ಇಸ್ಲಾಮಿನ ಇತಿಹಾಸವು ಆ ಗಂಟಿನ ಹೆಸರಿನಿಂದಲೇ ನೆನೆಯುತ್ತದೆ!

ಇಷ್ಟೆಲ್ಲ ಸಿದ್ಧತೆಯ ಬಳಿಕವೂ ಶತ್ರುಗಳು ಗುಹೆಯ ಬಾಯಿಗೆ ಬಂದು ನಿಂತರು. ಆಗ ಮಾನವ ಪ್ರಯತ್ನ ಮುಗಿದಿತ್ತು. ದುಃಖಿಸಬೇಡ, ಅಲ್ಲಾಹನು ನಮ್ಮ ಜೊತೆಗಿದ್ದಾನೆ ಎಂದು ಪ್ರವಾದಿ(ಸ) ತಮ್ಮ ಸಂಗಾತಿಯನ್ನು ಸಂತೈಸಿದರು. ಕೈಯಲ್ಲಿರುವುದನ್ನೆಲ್ಲ ಮಾಡಿ ಮುಗಿಸಿದ ಮನಸ್ಸು ಅಲ್ಲಾಹನಲ್ಲಿ ನೆಮ್ಮದಿ ಕಾಣುವುದು, ಇದೇ ತವಕ್ಕುಲ್.

ನಮ್ಮ ನಾಡಿನ ಮಳೆ

ಈ ಪಾಠ ನಮಗೇಕೆ ಬೇಕು? 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮುಂತಾದೆಡೆ ಗುಡ್ಡಗಳು ಜರಿದವು. ಉಟ್ಟ ಬಟ್ಟೆಯಲ್ಲಿ ಓಡಿಬಂದವರು ಪರಿಹಾರ ಕೇಂದ್ರಗಳಲ್ಲಿ ದಿನಗಳನ್ನು ಕಳೆದರು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಇತ್ತ ನೇತ್ರಾವತಿ ಉಕ್ಕಿ ಬಂಟ್ವಾಳದ ತಗ್ಗು ಪ್ರದೇಶಗಳನ್ನು ಮುಳುಗಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಆಚೆ ದಡದ ಉಳುವರೆ ಗ್ರಾಮದ ಮನೆಗಳಿಗೂ ಅಪ್ಪಳಿಸಿತು. ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 30ರ ನಡುರಾತ್ರಿಯ ಬಳಿಕ, ಕೊಡಗಿಗೆ ಹೊಂದಿಕೊಂಡಿರುವ ಕೇರಳದ ವಯನಾಡಿನಲ್ಲಿ ಮುಂಡಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನರು ಸಾವಿಗೀಡಾದರು. ಅವರಲ್ಲಿ ಹೆಚ್ಚಿನವರು ನಿದ್ರೆಯಲ್ಲಿದ್ದರು.

ಅಂತಹ ರಾತ್ರಿಯಲ್ಲಿ ಯಾವ ಚೀಲವೂ ಗುಡ್ಡವನ್ನು ತಡೆಯದು. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ನೀರಿನಲ್ಲಿ ಮುಳುಗಿ, ಕಟ್ಟಡ ಕುಸಿದು ಮೃತರಾದವರಿಗೆ ಹುತಾತ್ಮರ ಪದವಿಯಿದೆ ಎಂಬ ಹದೀಸ್ ಅವರ ಕುಟುಂಬಗಳಿಗೆ ದೊಡ್ಡ ಸಾಂತ್ವನ. ಆದರೆ ಎಚ್ಚರಿಕೆ ಮೊದಲೇ ಬಂದಾಗ, ಹೊರಡಲು ಹತ್ತು ನಿಮಿಷವಾದರೂ ಇರುವಾಗ, ಆ ಹತ್ತು ನಿಮಿಷ ಕಪಾಟಿನ ಬೀಗದಕೈ ಹುಡುಕುವುದರಲ್ಲಿ ಕಳೆದುಹೋಗಬಾರದು. ಚೀಲ ಉಳಿಸುವುದು ಆ ಹತ್ತು ನಿಮಿಷವನ್ನು.

ಚೀಲದಲ್ಲಿ ಏನಿರಬೇಕು?

ಹೊಸ ಚೀಲ ಕೊಳ್ಳಬೇಕಾಗಿಲ್ಲ. ಮಕ್ಕಳ ಹಳೆಯ ಶಾಲಾ ಚೀಲ ಸಾಕು. ಬೆನ್ನಿಗೆ ಹಾಕಿಕೊಂಡರೆ ಎರಡೂ ಕೈ ಬಿಡುವಾಗಿರುತ್ತವೆ. ಒಂದರಲ್ಲಿ ಮಗು, ಇನ್ನೊಂದರಲ್ಲಿ ಅಜ್ಜಿಯ ಕೈ. ಮನೆಯ ತಾಯಿ ಒಬ್ಬಳೇ ಎತ್ತಬಲ್ಲಷ್ಟೇ ಭಾರವಿರಲಿ. ಬಾಗಿಲ ಬಳಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿರಿ.

ನೀರು ಮತ್ತು ಆಹಾರ: ಒಬ್ಬರಿಗೆ ದಿನಕ್ಕೆ ಸುಮಾರು 3 ಲೀಟರ್ ನೀರು ಬೇಕು. ಅಷ್ಟನ್ನು ಹೊರಲಾಗದು. ಆದುದರಿಂದ ಎರಡು ಬಾಟಲಿ ನೀರು, ಜೊತೆಗೆ ನೀರು ಶುದ್ಧೀಕರಿಸುವ ಕ್ಲೋರಿನ್ ಮಾತ್ರೆಗಳಿರಲಿ. ಬೇಯಿಸದೆ ತಿನ್ನಬಹುದಾದ ಖರ್ಜೂರ, ಅವಲಕ್ಕಿ, ಬೆಲ್ಲ, ಹುರಿಗಡಲೆ, ಬಿಸ್ಕತ್ತು ಇರಲಿ.

ಔಷಧಿ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಸ್ತಮಾ ಇರುವವರ ಒಂದು ವಾರದ ಔಷಧಿ ಮತ್ತು ವೈದ್ಯರ ಚೀಟಿಯ ಪ್ರತಿ. ಇನ್ಸುಲಿನ್ ಫ್ರಿಜ್‌ನಲ್ಲಿರುವುದರಿಂದ ಅದನ್ನು ಮರೆಯದಂತೆ ಚೀಲದ ಮೇಲೆ ಚೀಟಿ ಅಂಟಿಸಿರಿ. ಭೇದಿಗೆ ಓಆರ್‌ಎಸ್ ಪೊಟ್ಟಣಗಳಿರಲಿ. ಅದು ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಚಹಾ ಚಮಚದಲ್ಲಿ ಸಮತಟ್ಟಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಸಾಕು. ಉಪ್ಪು ಹೆಚ್ಚಾಗಬಾರದು.

ಕಾಗದಪತ್ರ: ಆಧಾರ್, ಪಡಿತರ ಚೀಟಿ, ಜಮೀನಿನ ಪಹಣಿ, ಬ್ಯಾಂಕ್ ಪಾಸ್‌ಬುಕ್, ಪಾಸ್‌ಪೋರ್ಟ್, ನಿಕಾಹ್ ಪ್ರಮಾಣಪತ್ರ, ಮಕ್ಕಳ ಅಂಕಪಟ್ಟಿ, ಇವೆಲ್ಲ ನೀರು ಹೊಗದ ಪ್ಲಾಸ್ಟಿಕ್ ಲಕೋಟೆಯಲ್ಲಿ ಒಂದೇ ಕಡೆ ಇರಲಿ. ಪ್ರತಿಗಳ ಒಂದು ಕಂತೆ ಬೇರೆ ಊರಿನ ಬಂಧುವಿನ ಮನೆಯಲ್ಲಿರಲಿ.

ಇತರ ವಸ್ತುಗಳು: ಟಾರ್ಚ್, ಮೊಬೈಲ್‌ಗೆ ಪವರ್‌ಬ್ಯಾಂಕ್, ಸೀಟಿ, ಸಣ್ಣ ನೋಟುಗಳಲ್ಲಿ ಸ್ವಲ್ಪ ಹಣ, ಒಂದು ಜೊತೆ ಬಟ್ಟೆ, ಸ್ತ್ರೀಯರ ಮತ್ತು ಶಿಶುಗಳ ಅಗತ್ಯ ವಸ್ತುಗಳು, ಹಿರಿಯರ ಕನ್ನಡಕ. ಮೊಬೈಲ್ ಆರಿಹೋದರೆ ಅದರಲ್ಲಿರುವ ಸಂಖ್ಯೆಗಳೂ ಹೋದಂತೆ. ಆದ್ದರಿಂದ ಬಂಧುಗಳ ಸಂಖ್ಯೆಗಳನ್ನೂ ತುರ್ತು ಸಹಾಯದ 112, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗಳನ್ನೂ ಕಾಗದದಲ್ಲಿ ಬರೆದಿಡಿ.

ಇದನ್ನು ವರ್ಷಕ್ಕೊಮ್ಮೆ ತೆರೆದು ಹಳೆಯದನ್ನು ಬದಲಿಸಬೇಕು. ರಮದಾನ್‌ನಲ್ಲಿ ಮಾಡೋಣ ಎನ್ನಬೇಡಿ. ರಮದಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಮಳೆಗಾಲ ಹಾಗೆ ಸರಿಯುವುದಿಲ್ಲ. ಮೇ ತಿಂಗಳ ಕೊನೆಯ ವಾರವನ್ನು ಇದಕ್ಕೆಂದೇ ಗೊತ್ತುಮಾಡಿರಿ.

ಗಲ್ಫ್‌ನಲ್ಲಿ ದುಡಿಯುವ ಸಹೋದರರಿಗೆ ಒಂದು ವಿಶೇಷ ಮಾತು. ನಿಮ್ಮ ಮನೆಯ ಕಾಗದಪತ್ರ ಎಲ್ಲಿವೆ ಎಂಬುದು ನಿಮಗೆ ಮಾತ್ರ ಗೊತ್ತಿದ್ದರೆ, ಆಪತ್ತಿನ ರಾತ್ರಿ ನಿಮ್ಮ ಮಡದಿ ಏನು ಮಾಡಬೇಕು? ಈ ವಾರ ಫೋನ್ ಮಾಡುವಾಗ ಇದನ್ನೇ ಮೊದಲು ಮಾತನಾಡಿರಿ.

ಜನರ ಹಕ್ಕಿನ ಪುಸ್ತಕ

ವಿಶ್ವಾಸಿಯ ಚೀಲದಲ್ಲಿ ಇನ್ನೊಂದು ವಸ್ತು ಇರಬೇಕು. ಹಿಜ್ರತ್‌ನ ರಾತ್ರಿ ಪ್ರವಾದಿ(ಸ) ಅಲಿ(ರ)ರನ್ನು ಮಕ್ಕಾದಲ್ಲೇ ಉಳಿಸಿದರು. ಜನರು ಪ್ರವಾದಿ(ಸ)ರ ಬಳಿ ಇಟ್ಟಿದ್ದ ಅಮಾನತ್ತುಗಳನ್ನು ಮರಳಿಸುವ ಹೊಣೆ ಅವರದ್ದಾಗಿತ್ತು. ಪ್ರಾಣಕ್ಕೆ ಸಂಚಕಾರ ಬಂದ ಆ ರಾತ್ರಿಯಲ್ಲೂ ಜನರ ಹಕ್ಕು ಮರೆತುಹೋಗಲಿಲ್ಲ, ಅದೂ ಅವರನ್ನು ಊರಿನಿಂದ ಹೊರದಬ್ಬಿದ ಜನರ ಹಕ್ಕು! ಉಯಿಲು ಮಾಡಬೇಕಾದ ವಿಷಯವುಳ್ಳ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಸಾಲವನ್ನು ಬರೆದಿಡಬೇಕೆಂಬ ಆದೇಶ ಅಲ್ ಬಕರಃದ 282ನೆಯ ಸೂಕ್ತದಲ್ಲಿದೆ.

ಆದುದರಿಂದ ಒಂದು ಸಣ್ಣ ಪುಸ್ತಕವಿರಲಿ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಯಾರ ಬಂಗಾರ ನಮ್ಮ ಬಳಿ ಅಡವು ಅಥವಾ ಅಮಾನತ್ತು ಇದೆ, ಬಾಕಿ ಉಳಿದ ಝಕಾತ್ ಎಷ್ಟು, ಮಹ್ರ್ ಪೂರ್ಣ ಕೊಟ್ಟಾಗಿದೆಯೇ. ಎಲ್ಲವನ್ನೂ ಅದರಲ್ಲಿ ಬರೆಯಿರಿ. ಆಹಾರವಿಲ್ಲದೆ ಹೊರಟವನಿಗೆ ಯಾರಾದರೂ ಅನ್ನ ಕೊಟ್ಟಾರು. ಸಾಲದ ಲೆಕ್ಕವಿಲ್ಲದೆ ಇಹಲೋಕದಿಂದಲೇ ಹೊರಟವನಿಗೆ ಸಹಾಯ ಮಾಡುವವರು ಯಾರು?

ಹೊರಡುವ ಘಳಿಗೆ

ಚೀಲವಿದ್ದೂ ಹೊರಡದಿದ್ದರೆ ಪ್ರಯೋಜನವಿಲ್ಲ. "1974ರ ನೆರೆಯಲ್ಲೇ ನೀರು ಇಲ್ಲಿಗೆ ಬಂದಿಲ್ಲ, ಈಗ ಬರುತ್ತದೆಯೇ?" ಎಂದು ನೇತ್ರಾವತಿ ತೀರದ ಹಿರಿಯರು ಹೇಳುವುದುಂಟು. ಹಿರಿಯರ ಅನುಭವಕ್ಕೆ ಬೆಲೆಯಿದೆ. ಆದರೆ ನೂಹ್(ಅ)ರ ಮಗ ಆ ದಿನ ಬೆಟ್ಟವೇರಿ ಪಾರಾಗುವೆನೆಂದು ತನ್ನದೇ ಲೆಕ್ಕ ಹಾಕಿದ್ದನು. ನೀರು ಅವನ ಲೆಕ್ಕವನ್ನು ಕೇಳಲಿಲ್ಲ. ಗುಡ್ಡದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು, ಮರಗಳು ವಾಲುವುದು, ಬಾಗಿಲು ಕಿಟಕಿಗಳು ಒಮ್ಮೆಲೇ ಬಿಗಿಯಾಗುವುದು, ತಿಳಿಯಾದ ಒರತೆ ಕೆಸರಾಗುವುದು, ಮಳೆ ಸುರಿಯುತ್ತಿರುವಾಗಲೇ ತೊರೆಯ ನೀರು ಥಟ್ಟನೆ ಇಳಿಯುವುದು. ಇವು ಕುಸಿತದ ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಅಧಿಕಾರಿಗಳ ಆದೇಶಕ್ಕೆ ಕಾಯಬೇಡಿ. ಸಾಧ್ಯವಾದರೆ ವಿದ್ಯುತ್ತಿನ ಮೈನ್ ಸ್ವಿಚ್, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ ಹೊರಡಿರಿ. ಹರಿಯುವ ನೀರನ್ನು ದಾಟಬೇಡಿ.

ಉಮರ್(ರ) ಸಿರಿಯಾದ ಕಡೆ ಹೊರಟಾಗ ಅಲ್ಲಿ ಪ್ಲೇಗ್ ಹರಡಿದ ಸುದ್ದಿ ಬಂತು. ಅವರು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಮನೆ ಬಿಡಲೊಪ್ಪದ ಅಜ್ಜನಿಗೆ ಈ ಘಟನೆಯನ್ನು ಗೌರವದಿಂದ ವಿವರಿಸಿ ಹೇಳಿರಿ. ಮಳೆ ಬಂದ ಮೇಲಲ್ಲ, ಮೊದಲೇ.

ಸಹೋದರಿಯರು ಪರ್ದಾದ ಬಟ್ಟೆ ಹುಡುಕುತ್ತಾ ತಡಮಾಡಬಾರದು. ಚೀಲದ ಮೇಲೇ ಒಂದು ದೊಡ್ಡ ಶಾಲು ಮಡಚಿಟ್ಟಿರಿ. ಅದೂ ಕೈಗೆ ಸಿಗದಿದ್ದರೆ ಇದ್ದ ಹಾಗೆಯೇ ಹೊರಡಿರಿ. ಪ್ರಾಣರಕ್ಷಣೆ ಶರೀಅತ್‌ನ ಮುಖ್ಯ ಉದ್ದೇಶಗಳಲ್ಲೊಂದು. ವಿಪರೀತ ಮಳೆಯ ದಿನ ಮಸೀದಿಗೆ ಕರೆಯುವ ಬದಲು ಮನೆಗಳಲ್ಲೇ ನಮಾಜ್ ಮಾಡುವಂತೆ ಬಾಂಗ್‌ನಲ್ಲೇ ಸಾರುವ ಅನುಮತಿ ಇರುವ ಧರ್ಮ ನಮ್ಮದು.

ಹೊರಡುವಾಗ ಪಕ್ಕದ ಮನೆಯ ಬಾಗಿಲು ಬಡಿಯಿರಿ. ಒಂಟಿಯಾಗಿರುವ ವೃದ್ಧೆ, ನಡೆಯಲಾಗದ ರೋಗಿ ಯಾರೆಂದು ಮೊದಲೇ ತಿಳಿದಿರಲಿ. ಅವರು ಯಾವ ಧರ್ಮದವರೆಂದು ನೆರೆಯವನ ಹಕ್ಕು ಕೇಳುವುದಿಲ್ಲ. ನಿಮ್ಮ ಜಮಾಅತ್‌ನವರು ಮಳೆಗಾಲಕ್ಕೆ ಮುಂಚೆ ಒಮ್ಮೆ ಸೇರಿ, ಯಾರು ಯಾರ ಮನೆಗೆ ಹೋಗಬೇಕು, ಮದ್ರಸದ ಕಟ್ಟಡ ಎತ್ತರದಲ್ಲಿದ್ದರೆ ಅದರ ಬೀಗದಕೈ ಯಾರ ಬಳಿ ಇರಬೇಕು ಎಂದು ನಿರ್ಧರಿಸಿದರೆ ಅದೊಂದು ದೊಡ್ಡ ಸೇವೆ.

ಇಂದು ಇಶಾ ನಮಾಜ್‌ನ ಬಳಿಕ ಮನೆಯವರನ್ನೆಲ್ಲ ಕೂರಿಸಿ ಒಂದು ಹಳೆಯ ಚೀಲವನ್ನು ತೆಗೆಯಿರಿ. ಮಕ್ಕಳ ಕೈಯಿಂದಲೇ ತುಂಬಿಸಿರಿ; ತುಂಬಿಸುತ್ತಾ ಅಸ್ಮಾ(ರ)ರ ಕಥೆ ಹೇಳಿರಿ. ಅದರ ಬಾಯಿ ಕಟ್ಟಿದ ಬಳಿಕ ಕೈಯೆತ್ತಿ ಪ್ರಾರ್ಥಿಸಿರಿ. ಆ ಚೀಲ ಬಳಕೆಗೆ ಬಾರದೆ ಮುಂದಿನ ಮೇ ತಿಂಗಳಿಗೆ ಹಾಗೆಯೇ ಉಳಿದರೆ ಅಲ್‌ಹಮ್ದುಲಿಲ್ಲಾಹ್ ಎನ್ನಿರಿ. ಬೇಕಾಗಿ ಬಂದರೆ ನಿಮ್ಮ ಕೈ ಖಾಲಿ ಇರುವುದಿಲ್ಲ.

ಅಲ್ಲಾಹನು ನಮ್ಮನ್ನೂ ನಮ್ಮ ನೆರೆಹೊರೆಯವರನ್ನೂ ಆಪತ್ತುಗಳಿಂದ ಕಾಪಾಡಲಿ. ಇಹದ ಬುತ್ತಿಯೊಂದಿಗೆ ಪರದ ಬುತ್ತಿಯನ್ನೂ ಕಟ್ಟಿಟ್ಟುಕೊಳ್ಳುವ ಸೌಭಾಗ್ಯ ಕರುಣಿಸಲಿ. ಆಮೀನ್.