ಗಾಯಗೊಂಡ ಮೀನಿಗೆ ಅರಿಶಿಣ, ಬೆಳ್ಳುಳ್ಳಿಯ ಆಹಾರ: ಪ್ರಯೋಜನ ಮತ್ತು ಮಿತಿ



ಸಂವಿಧಾನದ 11ನೇ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದ್ದು, ಅವುಗಳಲ್ಲಿ 5ನೆಯದು ಮೀನುಗಾರಿಕೆ. ನಮ್ಮ ಕೆರೆ ಹಾಗೂ ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಸಾಕುವವರು ಮೀನಿನ ಮೈಮೇಲೆ ಕೆಂಪು ಹುಣ್ಣು ಕಂಡೊಡನೆ ಪಂಚಾಯಿತಿಯ ಬಾಗಿಲಿಗೆ ಬರುತ್ತಾರೆ. ಆಗ ಗಾಬರಿಯಿಂದ ಕೆರೆಗೆ ಸುರಿದ ಔಷಧಿಯನ್ನು ನಮ್ಮ ದನಕರುಗಳೇ ಕುಡಿಯಬೇಕಾಗುತ್ತದೆ. ಆದ್ದರಿಂದ ಈ ವಿಷಯವನ್ನು ನಾವು ಮೊದಲೇ ಅರಿತಿರುವುದು ಲೇಸು.

ಗಾಯ ಏಕೆ ಆಗುತ್ತದೆ?

ಬಲೆ ಎಳೆಯುವಾಗ ಹುರುಪೆ ಕಿತ್ತುಹೋಗುವುದು, ಮರಿಗಳನ್ನು ಸಾಗಿಸುವಾಗ ಉಜ್ಜುವುದು, ಮೀನಿನ ಹೇನು ಕಚ್ಚುವುದು, ಇವು ಸಾಮಾನ್ಯ ಕಾರಣಗಳು. ಮೀನಿನ ಮೈಮೇಲಿನ ಲೋಳೆಯೇ ಅದರ ಮೊದಲ ಕವಚ. ಅದು ಹರಿದ ಜಾಗದಲ್ಲಿ ದೇಹದ ಲವಣ ಹೊರಗೆ ಸೋರಿ, ಕೆರೆಯ ನೀರು ಒಳಗೆ ನುಗ್ಗುತ್ತದೆ. ನೀರಿನಲ್ಲಿ ಸದಾ ಇರುವ ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರಿದರೆ ಸಣ್ಣ ಗಾಯ ಹುಣ್ಣಾಗುತ್ತದೆ.

ಮೂಲಿಕೆಯಿಂದ ಆಗುವುದೇನು?

ಭುವನೇಶ್ವರದ ಬಳಿಯ ಕೌಸಲ್ಯಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು ರೋಹು ಮರಿಗಳಿಗೆ ಬೆಳ್ಳುಳ್ಳಿ ಬೆರೆಸಿದ ಆಹಾರವನ್ನೂ, ಇನ್ನೊಂದು ಪ್ರಯೋಗದಲ್ಲಿ ಅರಿಶಿಣ ಬೆರೆಸಿದ ಆಹಾರವನ್ನೂ ನೀಡಿ ಪರೀಕ್ಷಿಸಿದ್ದಾರೆ. ಅನಂತರ ಏರೋಮೋನಾಸ್ ಸೋಂಕಿಗೆ ಒಡ್ಡಿದಾಗ, ಅಂತಹ ಮರಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಸೋಂಕು ತಗಲುವ ಮುನ್ನವೇ ವಾರಗಟ್ಟಲೆ ಆ ಆಹಾರವನ್ನು ನೀಡಲಾಗಿತ್ತು. ತೀವ್ರವಾಗಿ ಕಾಯಿಲೆ ಬಿದ್ದ ಮೀನು ಮೇವು ಬಿಡುತ್ತದೆ. ತಿನ್ನದ ಮೀನಿಗೆ ಆಹಾರದ ಮೂಲಕ ಔಷಧ ತಲುಪದು. ಆದುದರಿಂದ ಮೂಲಿಕೆಯ ಆಹಾರವು ಮುಂಜಾಗ್ರತೆಯ ಕ್ರಮವೇ ಹೊರತು ಕೊನೆಯ ಗಳಿಗೆಯ ಮದ್ದಲ್ಲ.

ತಯಾರಿಸುವ ಕ್ರಮ

ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಬೇಕು. ಭತ್ತದ ಮಿಲ್ಲುಗಳಿರುವ ನಮ್ಮ ಜಿಲ್ಲೆಯಲ್ಲಿ ತೌಡಿಗೆ ಕೊರತೆಯಿಲ್ಲ. 1 ಕಿಲೋ ಆಹಾರಕ್ಕೆ 5 ಗ್ರಾಂ ಶುದ್ಧ ಅರಿಶಿಣ ಪುಡಿ ಅಥವಾ 10 ಗ್ರಾಂ ಜಜ್ಜಿದ ಬೆಳ್ಳುಳ್ಳಿ ಸೇರಿಸಿ, ಗಂಜಿಯಿಂದ ಉಂಡೆ ಕಟ್ಟಿ, ತಟ್ಟೆಯಲ್ಲಾಗಲಿ ತೂತು ಮಾಡಿದ ಚೀಲದಲ್ಲಾಗಲಿ ಇಳಿಬಿಡಬೇಕು. ಹೊಂಡದಲ್ಲಿ ಅಂದಾಜು 100 ಕಿಲೋ ಮೀನಿದ್ದರೆ, ತೂಕದ ಶೇ. 2ರಂತೆ ದಿನಕ್ಕೆ 2 ಕಿಲೋ ಆಹಾರ ಬೇಕು. ಅದಕ್ಕೆ 10 ಗ್ರಾಂ ಅರಿಶಿಣ ಸಾಕು. ಅಡುಗೆಮನೆಯಲ್ಲಿ ದೊರೆಯುವ ಈ ಪದಾರ್ಥಕ್ಕಾಗಿ ದುಬಾರಿ ಬಾಟಲಿಗೆ ಹಣ ತೆರುವ ಮುನ್ನ ಯೋಚಿಸಬೇಕು. ಬಲೆ ಎಳೆಯುವುದಕ್ಕೆ ಕೆಲವು ವಾರ ಮೊದಲೇ ಇದನ್ನು ಆರಂಭಿಸುವುದು ಉಚಿತ. ಬೇವಿನ ಸಾರವನ್ನು ಮಾತ್ರ ಮನಬಂದಂತೆ ನೀರಿಗೆ ಸುರಿಯಬಾರದು. ಪ್ರಮಾಣ ಮೀರಿದರೆ ಅದು ಮೀನಿಗೆ ವಿಷವಾಗುತ್ತದೆ.

ಮೂಲಿಕೆ ಸಾಲದ ಸಂದರ್ಭಗಳು

ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕದ ಕೊರತೆಯಿದೆ ಎಂದರ್ಥ. ಗದ್ದೆಗೆ ಕೀಟನಾಶಕ ಸಿಂಪಡಿಸಿದ ಬಳಿಕ ಬಸಿನೀರು ಹೊಂಡ ಸೇರಿದರೆ ಅದನ್ನು ಮೊದಲು ತಡೆಯಬೇಕು. ಮಳೆಗಾಲ ಮುಗಿದು ಚಳಿ ಹಿಡಿಯುವಾಗ ಮಾಂಸ ಕೊರೆಯುವ ಆಳವಾದ ಹುಣ್ಣುಗಳು ಹಲವು ಮೀನುಗಳಲ್ಲಿ ಕಂಡರೆ, ಅದು 1988ರಿಂದ ಭಾರತದಲ್ಲಿ ಕಾಣಿಸಿಕೊಂಡಿರುವ ಸಾಂಕ್ರಾಮಿಕ ಹುಣ್ಣುರೋಗವಿರಬಹುದು. ಅಂತಹ ಹೊಂಡದ ಬಲೆಯನ್ನಾಗಲಿ ಮರಿಯನ್ನಾಗಲಿ ಬೇರೆಡೆಗೆ ಒಯ್ಯದೆ, ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ತಕ್ಷಣ ತಿಳಿಸಬೇಕು. ಮೀನು ಸಾಕಣೆಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಔಷಧಗಳು ನಿಷಿದ್ಧ.

ಸದಸ್ಯರು ಕೈಗೊಳ್ಳಬಹುದಾದ ಕ್ರಮ

ನಾನು ಎಂಜಿನಿಯರಿಂಗ್ ಓದಿದವನು, ಮೀನಿನ ವೈದ್ಯನಲ್ಲ. ಆದರೆ ಸೇತುವೆಯಾಗಲಿ ಹೊಂಡವಾಗಲಿ, ಬಿರುಕು ಕಂಡ ಮೇಲೆ ತೇಪೆ ಹಚ್ಚುವುದಕ್ಕಿಂತ ಮೊದಲೇ ಪರೀಕ್ಷಿಸುವುದು ಅಗ್ಗವೆಂಬುದನ್ನು ಬಲ್ಲೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಮೂರು ಅಂಶಗಳನ್ನು ಚರ್ಚಿಸಿ ನಿರ್ಣಯಿಸಲು ಕೋರುತ್ತೇನೆ:

1. ಪಂಚಾಯಿತಿ ಕೆರೆಯ ಮೀನುಗಾರಿಕೆ ಗುತ್ತಿಗೆಯಲ್ಲಿ ನಿಷಿದ್ಧ ಔಷಧ ಬಳಸಬಾರದೆಂಬ ಷರತ್ತು ಸೇರಿಸುವುದು.

2. ಬಿತ್ತನೆಗೆ ಮುನ್ನ ಮರಿಗಳ ಮೈಯನ್ನು ಸಾಕಣೆದಾರರು ಪರಿಶೀಲಿಸಿ, ಗಾಯವಿರುವವನ್ನು ಬೇರ್ಪಡಿಸುವುದು.

3. ಮೂಲಿಕೆ ಆಹಾರ ನೀಡಿದ ದಿನಾಂಕ, ಪ್ರಮಾಣ ಮತ್ತು ಸತ್ತ ಮೀನುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವುದು.

ಮೂರನೆಯ ಅಂಶವನ್ನು ಒಂದು ಹಂಗಾಮು ತಪ್ಪದೆ ಪಾಲಿಸಿದರೆ, ಅರಿಶಿಣ ನಮ್ಮ ನೀರಿನಲ್ಲಿ ಎಷ್ಟು ಫಲ ಕೊಟ್ಟಿತೆಂಬುದನ್ನು ನಮ್ಮದೇ ಲೆಕ್ಕ ಹೇಳುತ್ತದೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗುಂಜಹಳ್ಳಿ