ಹತ್ತನೇ ಕ್ಲಾಸ್ ಮುಗಿದ ಮೇಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನವೇ ‘ಸೈನ್ಸ್ ತಗೋ’ ಎಂದು ಮಗಳ ಬೆನ್ನು ಹತ್ತಬೇಡಿ. ಅವಳಿಗೇನಿಷ್ಟ ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ. ಪಿಯುಸಿಯೊಂದೇ ದಾರಿಯಲ್ಲ, 3 ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು.

ಇನ್ನೊಂದು ಮಾತು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಅರ್ಜಿ ಅವಳೇ ತುಂಬಲಿ, ಕೌಂಟರಿನಲ್ಲಿ ಅವಳೇ ಮಾತಾಡಲಿ. ನನ್ನ ಮಗ ಮೊದಲ ಸಲ ಬ್ಯಾಂಕಿನ ಚಲನ್ ತುಂಬುವಾಗ ಮೂರು ಹಾಳೆ ಕೆಡಿಸಿದ, ನಾಲ್ಕನೆಯದು ಸರಿಯಾಯಿತು. ಪೆನ್ನು ಕಿತ್ತುಕೊಂಡು ನಾನೇ ಬರೆಯದಿದ್ದದ್ದು ಒಳ್ಳೆಯದಾಯಿತು. ಅನ್ನಕ್ಕಿಡುವುದು, ಬಟ್ಟೆ ಒಗೆಯುವುದು, ತಿಂಗಳ ಖರ್ಚು ಬರೆದಿಡುವುದು ಗಂಡುಮಕ್ಕಳಿಗೂ ಬರಲಿ. ಹಾಸ್ಟೆಲಿಗೆ ಹೊರಡುವ ದಿನ ಇದನ್ನೆಲ್ಲ ಕಲಿಸಲು ಹೊತ್ತಿರುವುದಿಲ್ಲ. ಈ ರಜೆಯಲ್ಲೇ ಶುರುಮಾಡಿ.